ಓದಿದ್ದೆಲ್ಲ ಮರೆತುಹೋಯಿತು, ಓದಿದ್ದು ದಂಡವಾಯಿತೇ?

ಮೂರು ತಿಂಗಳು ಬರೀ ಕಾದಂಬರಿ ಓದುತ್ತೇನೆ, ಅದೂ ಖುಷಿಗಾಗಿ ಮಾತ್ರ, ಬರವಣಿಗೆಗೆ ಬೇಕಾದದ್ದು ಯಾವುದನ್ನೂ ಮುಟ್ಟುವುದಿಲ್ಲ ಅಂತ ಹಿಂದೆ ಈ ಅಂಕಣದಲ್ಲಿ ಹೇಳಿದ್ದೆ. ನಿಮ್ಮಲ್ಲಿ ಹಲವರು ನಾವೂ ಓದುತ್ತೇವೆ ಅಂತ ಜೊತೆಗೂಡಿದಿರಿ. ಆ ಮೂರು ತಿಂಗಳು ಈಗ ಮುಗಿದಿದೆ. ಬಂದ ಪತ್ರಗಳಲ್ಲಿ ನನ್ನನ್ನು ಜಾಸ್ತಿ ಕಾಡಿದ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಎಷ್ಟೋ ವರ್ಷದ ಮೇಲೆ ಹಟ ಹಿಡಿದು ಒಂಬತ್ತು ಕಾದಂಬರಿ ಓದಿದೆ. ಓದುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಈಗ ನೆನಪು ಮಾಡಿಕೊಳ್ಳೋಣ ಅಂತ ಕೂತರೆ ಪಾತ್ರಗಳ ಹೆಸರೇ ಬರುತ್ತಿಲ್ಲ. ಎರಡು ಪುಸ್ತಕದಲ್ಲಂತೂ ಕೊನೆಗೆ ಏನಾಯಿತು ಅನ್ನುವುದೂ ನೆನಪಿಲ್ಲ. ಇಷ್ಟು ಓದಿದ್ದು ದಂಡ ಅಲ್ವಾ?

ಉತ್ತರ: ದಂಡ ಅಲ್ಲ. ನಿಮ್ಮ ಬೇಜಾರು ಮಾತ್ರ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ಮೂರು ತಿಂಗಳು ಮುಗಿದ ಮಾರನೇ ದಿನ ನಾನೂ ಅದೇ ಕೆಲಸ ಮಾಡಿದೆ. ಓದಿದ್ದು ಏಳು ಕಾದಂಬರಿ. ಒಂದು ಪುಸ್ತಕವನ್ನೂ ತೆರೆಯದೆ, ಒಂದೊಂದರ ಬಗ್ಗೆ ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆಯುತ್ತಾ ಹೋದೆ. ಮೂರನೆಯ ಪುಸ್ತಕಕ್ಕೆ ಬರುವಷ್ಟರಲ್ಲಿ ಕೈ ನಿಂತಿತು. ಕಥೆ ಅರ್ಧಂಬರ್ಧ ಇತ್ತು, ಅಣ್ಣ ತಮ್ಮಂದಿರಲ್ಲಿ ದೊಡ್ಡವನು ಯಾರು ಅಂತಲೂ ಹೊಳೆಯಲಿಲ್ಲ.

ಮರೆಯುವುದು ಮನಸ್ಸಿನ ಸಹಜ ಗುಣ. ಎಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಅಂತ ತನ್ನ ಮೇಲೇ ಪರೀಕ್ಷೆ ಮಾಡಿಕೊಂಡು 1885ರಲ್ಲಿ ಅದನ್ನು ಪ್ರಕಟಿಸಿದ. ಮೊದಲ ಒಂದು ಗಂಟೆಯೊಳಗೇ ಅರ್ಧಕ್ಕಿಂತ ಜಾಸ್ತಿ ಅಳಿಸಿಹೋಗಿತ್ತು. ಆಮೇಲೆ ಮರೆವಿನ ವೇಗ ಕಡಿಮೆಯಾಗುತ್ತಾ ಬಂತು, ಉಳಿದದ್ದು ಬಹಳ ದಿನ ಉಳಿಯಿತು. ಅವನು ಕಲಿತದ್ದು ಅರ್ಥವಿಲ್ಲದ ಅಕ್ಷರಗಳನ್ನು, ನಾವು ಓದುವುದು ಮನುಷ್ಯರ ಕಥೆಯನ್ನು, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೂ ಹೆಸರು, ಇಸವಿ, ಯಾರು ಯಾರಿಗೆ ಏನಾಗಬೇಕು ಅನ್ನುವಂಥದ್ದು ಮೊದಲು ಜಾರಿಹೋಗುತ್ತದೆ ಅಂತ ನನ್ನ ಹಾಳೆ ನೋಡಿದರೇ ಗೊತ್ತಾಗುತ್ತಿತ್ತು.

ಹಾಗಾದರೆ ಏನು ಉಳಿದಿತ್ತು? ಅದೇ ಮೂರನೆಯ ಪುಸ್ತಕದಲ್ಲಿ ಒಬ್ಬ ಮುದುಕ ಬರುತ್ತಾನೆ. ಹೆಂಡತಿ ತೀರಿಕೊಂಡ ಮೇಲೆ ಮನೆ ಬಿಟ್ಟು ಮಗನ ಜೊತೆ ಹೊರಟಿದ್ದಾನೆ. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ವಾಪಸ್ ಬರುತ್ತಾನೆ, ಬೀಗ ಎಳೆದು ನೋಡುತ್ತಾನೆ, ಮತ್ತೆ ಹೋಗುತ್ತಾನೆ, ಮತ್ತೆ ಬರುತ್ತಾನೆ. ಮಗ ಏನೂ ಅನ್ನದೆ ಚೀಲ ಹಿಡಿದು ನಿಂತಿರುತ್ತಾನೆ. ಕಥೆಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ, ಮುಂದೆ ಆ ಮನೆಯ ಸುದ್ದಿಯೇ ಬರುವುದಿಲ್ಲ. ನನಗೆ ಮಾತ್ರ ಆ ದೃಶ್ಯ ಕಣ್ಣಿಗೆ ಕಟ್ಟಿದ ಹಾಗಿತ್ತು. ಹಾಳೆಯಲ್ಲಿ ಅರ್ಧ ಪುಟ ಅದನ್ನೇ ಬರೆದೆ, ಒಳಗೆ ಉರಿಯುತ್ತಾ ಉಳಿದಿದ್ದ ದೀಪದ ಬೆಳಕು ಬಾಗಿಲ ಸಂದಿಯಿಂದ ಕಾಣುತ್ತಿತ್ತು ಅಂತಲೂ ಬರೆದೆ.

ಆಮೇಲೆ ಪುಸ್ತಕ ತೆಗೆದು ಆ ಜಾಗ ಹುಡುಕಿದೆ. ಹುಡುಕಲಿಕ್ಕೇ ಬಹಳ ಹೊತ್ತು ಹಿಡಿಯಿತು, ಯಾಕೆಂದರೆ ಎರಡು ಪುಟದಷ್ಟಿದೆ ಅಂತ ನಾನು ನಂಬಿದ್ದೆ, ಅಲ್ಲಿ ಇದ್ದದ್ದು ಬರೀ ನಾಲ್ಕು ಸಾಲು. ದೀಪ ಇರಲೇ ಇಲ್ಲ. ಅದನ್ನು ಅಲ್ಲಿ ಇಟ್ಟವಳು ನಾನು.

ಆ ದೀಪ ನೋಡಿದ ಮೇಲೆ, ಅಂದರೆ ಅದು ಇಲ್ಲದ್ದನ್ನು ನೋಡಿದ ಮೇಲೆ, ಎಷ್ಟು ನೆನಪಿದೆ ಅಂತ ಲೆಕ್ಕ ಹಾಕುವುದನ್ನು ಬಿಟ್ಟೆ. ಬರೆದವರು ನಾಲ್ಕು ಸಾಲು ಕೊಟ್ಟರು, ಉಳಿದದ್ದನ್ನು ಓದುವಾಗ ನಾನೇ ಕಟ್ಟಿಕೊಂಡೆ, ಕಟ್ಟಿದ್ದು ನನ್ನಲ್ಲೇ ಉಳಿಯಿತು. ನೀವೂ ಒಂದು ಸಲ ಹೀಗೆ ಮಾಡಿ ನೋಡಿ. ಹೆಸರು, ಕೊನೆ ಯಾವುದನ್ನೂ ಕೇಳಿಕೊಳ್ಳಬೇಡಿ. ಕಣ್ಣು ಮುಚ್ಚಿದರೆ ಏನು ಕಾಣುತ್ತದೆ, ಯಾರ ದನಿ ಕೇಳುತ್ತದೆ ಅಂತ ಮಾತ್ರ ಬರೆಯಿರಿ. ಒಂಬತ್ತರಲ್ಲಿ ಮೂರು ಪುಸ್ತಕದಿಂದಾದರೂ ಏನೋ ಒಂದು ಎದ್ದು ಬರುತ್ತದೆ ಅಂತ ನನ್ನ ನಂಬಿಕೆ. ಉಳಿದ ಆರರ ಮಾತು? ಓದುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಅಂತ ನೀವೇ ಬರೆದಿದ್ದೀರಿ. ಖುಷಿಗೆ ಓದಿದಿರಿ, ಖುಷಿ ಸಿಕ್ಕಿತು.

ಪ್ರಶ್ನೆ: ಎರಡು ಪುಸ್ತಕ ಅರ್ಧಕ್ಕೇ ಬಿಟ್ಟೆ. ತಪ್ಪು ಮಾಡಿದೆ ಅನ್ನಿಸುತ್ತಿದೆ.

ಉತ್ತರ: ತಪ್ಪೇನಿಲ್ಲ. ಫ್ರೆಂಚ್ ಲೇಖಕ ಡೇನಿಯಲ್ ಪೆನ್ನಾಕ್ 1992ರ ತಮ್ಮ ಪುಸ್ತಕವೊಂದರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದರು. ಪುಸ್ತಕ ಮುಗಿಸದೆ ಬಿಡುವುದು ಅದರಲ್ಲಿ ಒಂದು, ಪುಟ ಹಾರಿಸುವುದು ಇನ್ನೊಂದು. ನಾನೂ ಒಂದನ್ನು 140ನೇ ಪುಟದಲ್ಲಿ ಬಿಟ್ಟೆ.

ಒಂದು ಮಾತು ಮಾತ್ರ ಸೇರಿಸಬೇಕು. ಪುಸ್ತಕ ಹಿಡಿಸಲಿಲ್ಲ ಅನ್ನುವುದು ಬೇರೆ, ಇನ್ನೂ ಒಳಗೆ ಹೋಗಲಿಕ್ಕೆ ದಾರಿ ಸಿಕ್ಕಿಲ್ಲ ಅನ್ನುವುದು ಬೇರೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂದ ಭಾರಿ ಕಾದಂಬರಿ. ಅದಕ್ಕೆ ಒಬ್ಬನೇ ನಾಯಕ ಅಂತ ಇಲ್ಲ. ಜನ ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇರುತ್ತಾರೆ, ಯಾರು ಯಾವ ಮನೆಯವರು ಅಂತ ತಿಳಿಯುವುದಿಲ್ಲ. ಮೊದಲ ಸಲ ಅದನ್ನು ಹಿಡಿದಾಗ ಸುಸ್ತಾಗಿ ಮುಚ್ಚಿಟ್ಟಿದ್ದೆ. ಈ ಸಲ ಒಂದು ಚೀಟಿಯಲ್ಲಿ ಮನೆಗಳ ಹೆಸರು, ಕೆಳಗೆ ಆ ಮನೆಯ ಜನರ ಹೆಸರು ಬರೆದುಕೊಂಡು ಓದಿದೆ. ಸ್ವಲ್ಪ ದೂರ ಹೋದ ಮೇಲೆ ಚೀಟಿ ನೋಡುವುದೇ ಮರೆತುಹೋಯಿತು. ಆಮೇಲೆ ಅದು ಮುಗಿಯಬಾರದು ಅಂತ ದಿನಕ್ಕೆ ಎಂಟೇ ಪುಟ ಓದಿದ್ದೂ ಉಂಟು. ಹಾಗಾಗಿ ಬಿಟ್ಟ ಪುಸ್ತಕವನ್ನು ಕೊಟ್ಟುಬಿಡಬೇಡಿ, ಕೈಗೆ ಸಿಗುವ ಕಡೆ ಇಟ್ಟಿರಿ.

ಪ್ರಶ್ನೆ: ಎಲ್ಲರೂ ಏಳು, ಹತ್ತು ಅಂತಾರೆ. ನಾನು ಓದಿದ್ದು ಒಂದೇ ಒಂದು ಕಾದಂಬರಿ, ಅದೂ ಮೂರು ತಿಂಗಳು ಹಿಡಿಯಿತು. ನನ್ನದು ತೀರಾ ನಿಧಾನ.

ಉತ್ತರ: ದಿನಕ್ಕೆ 15 ಪುಟ ಓದಿದರೆ 90 ದಿನಕ್ಕೆ 1350 ಪುಟ, ಅಂದರೆ 300 ಪುಟದ ನಾಲ್ಕು ಕಾದಂಬರಿ ಮುಗಿದು ಇನ್ನೂ ಮಿಗುತ್ತದೆ. ಈ ಲೆಕ್ಕ ಹೊತ್ತು ಸಾಲದು ಅನ್ನುವವರಿಗೆ. ನಿಮಗೆ ಬೇರೆ ಮಾತು ಹೇಳಬೇಕು. ನಾವು ಒಂದೇ ಉಸಿರಿಗೆ ಓದಬೇಕು ಅಂತ ಹಟ ಮಾಡುವ ಎಷ್ಟೋ ದೊಡ್ಡ ಕಾದಂಬರಿಗಳನ್ನು ಅವುಗಳ ಮೊದಲ ಓದುಗರು ಹಾಗೆ ಓದಲೇ ಇಲ್ಲ. ಡಿಕನ್ಸ್ ಅವರ ಮೊದಲ ಕಾದಂಬರಿ 1836ರಲ್ಲಿ ಶುರುವಾಗಿ ತಿಂಗಳಿಗೊಂದು ಕಂತಿನಂತೆ ಮುಂದಿನ ವರ್ಷದವರೆಗೂ ಬಂತು. ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ' 1865ರಲ್ಲಿ ಪತ್ರಿಕೆಯಲ್ಲಿ ಬರಲು ಶುರುವಾಯಿತು, ಇಡೀ ಪುಸ್ತಕ ಕೈಗೆ ಸಿಕ್ಕಿದ್ದು 1869ರಲ್ಲಿ. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳನ್ನು ಓದಿದವರಿಗೆ ಇದು ಗೊತ್ತು. ಮುಂದೇನಾಯಿತೋ ಅಂತ ಒಂದು ವಾರ ಕಾಯುವಾಗ ಪಾತ್ರಗಳು ನಮ್ಮ ಜೊತೆಯೇ ಓಡಾಡುತ್ತಿದ್ದವು. ಒಂದು ಕಾದಂಬರಿಯ ಜನರೊಂದಿಗೆ ನೀವು ಮೂರು ತಿಂಗಳು ಇದ್ದಿರಿ. ನನ್ನ ಏಳರಲ್ಲಿ ಯಾವುದರ ಜೊತೆಗೂ ನಾನು ಅಷ್ಟು ದಿನ ಇರಲಿಲ್ಲ.

ಪ್ರಶ್ನೆ: ಕಿವಿಯಲ್ಲಿ ಕೇಳಿದರೆ ಓದಿದ ಹಾಗೆ ಆಗುತ್ತದಾ?

ಉತ್ತರ: ಆಗುತ್ತದೆ. ಕಥೆಯನ್ನು ನಾವು ಓದಿದ್ದಕ್ಕಿಂತ ಮೊದಲು ಕೇಳಿದವರು.

ಪ್ರಶ್ನೆ: ಕೊನೆಯದಾಗಿ ಓದಿದ ಕಾದಂಬರಿ ತುಂಬಾ ಹಿಡಿಸಿತು. ಈಗ ಬೇರೆ ಯಾವುದು ತೆಗೆದರೂ ಎರಡು ಪುಟಕ್ಕಿಂತ ಮುಂದೆ ಹೋಗುತ್ತಿಲ್ಲ. ಓದುವ ಅಭ್ಯಾಸ ಮತ್ತೆ ತಪ್ಪಿಹೋಗುತ್ತದೋ ಅಂತ ಹೆದರಿಕೆ.

ಉತ್ತರ: ಹೆದರಬೇಡಿ, ಸ್ವಲ್ಪ ದಿನ ಸುಮ್ನೆ ಇದ್ದುಬಿಡಿ. ಆ ಪುಸ್ತಕದ ಜನ ಇನ್ನೂ ನಿಮ್ಮ ಮನೆಯಿಂದ ಹೊರಟಿಲ್ಲ, ಅಷ್ಟರಲ್ಲಿ ಹೊಸಬರನ್ನು ಕರೆದರೆ ಮಾತಾಡಿಸಲಿಕ್ಕೆ ಮನಸ್ಸು ಬರುವುದಿಲ್ಲ. ತೀರಾ ಓದಲೇಬೇಕು ಅನ್ನಿಸಿದರೆ ಸಣ್ಣ ಕಥೆ ಓದಿ, ಅಥವಾ ಅದೇ ಕಾದಂಬರಿಯಲ್ಲಿ ಇಷ್ಟವಾದ ಅಧ್ಯಾಯವನ್ನೇ ಮತ್ತೊಮ್ಮೆ ಓದಿ. ನಾನು ಎರಡು ವಾರ ಯಾವ ಪುಸ್ತಕವನ್ನೂ ಮುಟ್ಟಲಿಲ್ಲ. ಮೊನ್ನೆ ರಾತ್ರಿ ನಿದ್ದೆ ಬರದೆ ಕೈ ಹಾಕಿದಾಗ ಸಿಕ್ಕಿದ್ದು ಅರ್ಧಕ್ಕೆ ಬಿಟ್ಟಿದ್ದ ಆ ಪುಸ್ತಕವೇ. ಗುರುತಿನ ಚೀಟಿ 140ರಲ್ಲೇ ಇತ್ತು. ಈಗ 165ರಲ್ಲಿದ್ದೇನೆ.