ಕಳ್ಳಿ ಪುಸ್ತಕ ಕೊಳ್ಳುವ ಮುಂಚೆ

ಧಾರವಾಡದ ಓದುಗರೊಬ್ಬರ ಪತ್ರ: "ನಮ್ಮ ಮಾಳಿಗೆ ಮೇಲೆ ಕಳ್ಳಿ, ಸಕ್ಯುಲೆಂಟ್ (ರಸ ತುಂಬಿದ ದಪ್ಪ ಎಲೆ, ಕಾಂಡದ ಗಿಡ) ಎಲ್ಲಾ ಸೇರಿ 80 ಕುಂಡಗಳಿವೆ. ಚಂದದ ಫೋಟೋ ಇರುವ ಎರಡು ಪುಸ್ತಕ ತರಿಸಿದೆ. ಒಂದರಲ್ಲಿರುವ ಹೆಸರು ಇನ್ನೊಂದರಲ್ಲಿಲ್ಲ. ನರ್ಸರಿಯ ಚೀಟಿಯಲ್ಲಿ ಮೂರನೇ ಹೆಸರು! ಮೂರು ಗಿಡಗಳ ಫೋಟೋ ಕಳಿಸಿದ್ದೇನೆ. ನಿಜವಾಗಿ ಉಪಯೋಗಕ್ಕೆ ಬರುವ ಪುಸ್ತಕ ಯಾವುದು?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ನನ್ನದೇ ಹಳೆಯ ಫಜೀತಿ ನೆನಪಾಯಿತು. ಒಮ್ಮೆ ನರ್ಸರಿಯಿಂದ ಹಳದಿ ಹೂ ಬಿಟ್ಟ ಪುಟ್ಟ ಕಳ್ಳಿ ತಂದೆ. ಎರಡು ಸಂಜೆ ಪುಸ್ತಕ ಹರವಿಕೊಂಡು ಆ ಹೂವನ್ನು ಹುಡುಕಿದೆ, ಸಿಗಲಿಲ್ಲ. ಮೂರನೇ ದಿನ ನೀರು ಹಾಕುವಾಗ ಹೂವು ಕಳಚಿ ಕೈಗೇ ಬಂತು. ಅಡಿಯಲ್ಲಿ ಗೋಂದಿನ ಗಟ್ಟಿ! ಒಣಹೂವನ್ನು ಅಂಟಿಸಿ ಮಾರಿದ್ದರು. ಪುಸ್ತಕ ಬರೆದವರ ತಪ್ಪೇನೂ ಇರಲಿಲ್ಲ ಪಾಪ.

ನಿಮ್ಮ ಮೊದಲ ಫೋಟೋಗೆ ಬರೋಣ. ಕನ್ನಡದ 'ಕಳ್ಳಿ' ಬಹಳ ಧಾರಾಳಿ. ಬೇಲಿಯ ಚದರಕಳ್ಳಿ, ಎಲೆಕಳ್ಳಿ, ಪಾಪಾಸುಕಳ್ಳಿ ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಇವುಗಳಲ್ಲಿ ಪಾಪಾಸುಕಳ್ಳಿ ಮಾತ್ರ ಕ್ಯಾಕ್ಟಸ್, ಅದೂ ಅಮೆರಿಕ ಖಂಡದಿಂದ ಬಂದದ್ದು. ಉಳಿದೆರಡು ಯುಫೋರ್ಬಿಯಾಗಳು, ನಿಮ್ಮ ಕಡೆಯ ಔಡಲದ ನೆಂಟರು. ನಿಮ್ಮ ಗಿಡದಲ್ಲಿ ಮುಳ್ಳು ಜೋಡಿ ಜೋಡಿಯಾಗಿವೆ, ಮುರಿದ ತುದಿಯಲ್ಲಿ ಬಿಳಿ ಹಾಲು ನಿಂತಿದೆ. ಅದು ಯುಫೋರ್ಬಿಯಾ. ಕ್ಯಾಕ್ಟಸ್ ಪುಸ್ತಕವನ್ನು ಎಷ್ಟು ತಿರುವಿದರೂ ಅದು ಸಿಗೋದಿಲ್ಲ. (ಆ ಹಾಲು ಕಣ್ಣಿಗೆ ತಾಗದಂತೆ ಹುಷಾರಾಗಿರಿ.) ಹಾಲೊಂದನ್ನೇ ನಂಬಬೇಡಿ, ಕೆಲವು ಮ್ಯಾಮಿಲೇರಿಯಾ ಕ್ಯಾಕ್ಟಸ್‌ಗಳಲ್ಲೂ ಹಾಲಿದೆ. ನೋಡಬೇಕಾದ್ದು ಮುಳ್ಳಿನ ಬುಡ. ಕ್ಯಾಕ್ಟಸ್ ಆದರೆ ಅಲ್ಲೊಂದು ಪುಟ್ಟ ದಿಂಬು ಇರುತ್ತದೆ, ಎಷ್ಟೋ ಜಾತಿಗಳಲ್ಲಿ ಹತ್ತಿ ಮೆತ್ತಿದ ಹಾಗೆ. ಅದೇ ಏರಿಯೋಲ್. 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಒಂದಿದ್ದರೆ ಸಾಕು. ಪುಸ್ತಕಕ್ಕಿಂತ ಮೊದಲು ಅದನ್ನು ಕೊಳ್ಳಿ.

ಕ್ಯಾಕ್ಟಸ್‌ಗೆ ಒಂದೇ ಪುಸ್ತಕ ಎಂದರೆ ನನ್ನ ಓಟು ಎಡ್ವರ್ಡ್ ಆಂಡರ್ಸನ್ ಅವರ 'ದಿ ಕ್ಯಾಕ್ಟಸ್ ಫ್ಯಾಮಿಲಿ'ಗೆ. 2001ರಲ್ಲಿ ಬಂದದ್ದು. 1800ರಷ್ಟು ಜಾತಿಗಳ ವಿವರವಿದೆ, ತೊಡೆ ಮೇಲಿಟ್ಟು ಓದಿದರೆ ಕಾಲು ಜೋಮು ಹಿಡಿಯುತ್ತದೆ. ಡೇವಿಡ್ ಹಂಟ್ ಅವರ 'ದಿ ನ್ಯೂ ಕ್ಯಾಕ್ಟಸ್ ಲೆಕ್ಸಿಕನ್' (2006) ಎರಡು ಸಂಪುಟ, ಒಂದರಲ್ಲಿ ವಿವರ, ಇನ್ನೊಂದರಲ್ಲಿ ಚಿತ್ರ. ಪಕ್ಕದಲ್ಲಿಟ್ಟು ಹೋಲಿಸಲು ಬಹಳ ಚೆನ್ನ, ಆದರೆ ಬೆಲೆ ಜಾಸ್ತಿ. 80 ಕುಂಡಕ್ಕೆ ಅಷ್ಟು ಬೇಕಿಲ್ಲ.

ಲೋಳೆಸರ, ಕತ್ತಾಳೆ, ಎಚಿವೇರಿಯಾ, ಯುಫೋರ್ಬಿಯಾಗಳಿಗೆ 'ಇಲ್ಲಸ್ಟ್ರೇಟೆಡ್ ಹ್ಯಾಂಡ್‌ಬುಕ್ ಆಫ್ ಸಕ್ಯುಲೆಂಟ್ ಪ್ಲಾಂಟ್ಸ್' ಎಂಬ ಆರು ಸಂಪುಟಗಳ ಸರಣಿ ಇದೆ. ಹೆಸರು ಇಲ್ಲಸ್ಟ್ರೇಟೆಡ್, ಒಳಗೆ ಅಕ್ಷರವೇ ಜಾಸ್ತಿ. ದುಡ್ಡು ಸುರಿಯಬೇಡಿ. ನಿಮ್ಮೂರಲ್ಲೇ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಎರಡೂ ಇವೆಯಲ್ಲ, ಅಲ್ಲಿನ ಗ್ರಂಥಾಲಯದಲ್ಲಿ ಮೊದಲು ವಿಚಾರಿಸಿ.

ಈಗ ಮೂರು ಹೆಸರಿನ ತಂಟೆ. ಎರಡನೇ ಫೋಟೋದ ಗುಂಡು ಗಿಡವನ್ನು ನರ್ಸರಿಯವರು ಗೋಲ್ಡನ್ ಬ್ಯಾರೆಲ್ ಎಂದಿದ್ದಾರೆ. ಮೆಕ್ಸಿಕೋದ ಗಿಡ. ಹಳೆಯ ಪುಸ್ತಕಗಳಲ್ಲೆಲ್ಲ ಎಕೈನೊಕ್ಯಾಕ್ಟಸ್ ಗ್ರೂಸೋನಿ. 2014ರಲ್ಲಿ ಇದನ್ನು ಕ್ರೋನ್‌ಲೈನಿಯಾ ಎಂಬ ಹೊಸ ಕುಲಕ್ಕೆ ಸೇರಿಸಿದರು. ನಿಮ್ಮ ಯಾವ ಪುಸ್ತಕವೂ ಸುಳ್ಳು ಹೇಳಿಲ್ಲ, ಅಚ್ಚಾದ ವರ್ಷ ಬೇರೆ ಅಷ್ಟೆ. ಮನೆಮನೆಯ ಸ್ನೇಕ್ ಪ್ಲಾಂಟ್ ಕೂಡ ಸ್ಯಾನ್ಸೆವೇರಿಯಾ ಹೋಗಿ ಡ್ರಸೀನಾ ಆಗಿದೆ. ಹೀಗಾಗಿ ಪುಸ್ತಕ ಕೈಗೆ ಬಂದಾಗ ನಾನು ಫೋಟೋ ನೋಡುವುದೇ ಇಲ್ಲ, ಸೀದಾ ಕೊನೆಯ ಪುಟಗಳಿಗೆ ಹೋಗುತ್ತೇನೆ. ಅಕಾರಾದಿ ಪಟ್ಟಿಯಲ್ಲಿ 'ನೋಟೊಕ್ಯಾಕ್ಟಸ್' ಎಂಬ ಹಳೆಯ ಹೆಸರನ್ನು ಹುಡುಕುತ್ತೇನೆ, ಅದೀಗ ಪರೋಡಿಯಾ ಕುಲಕ್ಕೆ ಸೇರಿದೆ. 'ಪರೋಡಿಯಾ ನೋಡಿ' ಎಂದು ದಾರಿ ತೋರಿಸಿದರೆ ಕೊಳ್ಳುತ್ತೇನೆ. ಆ ಹೆಸರೇ ಇಲ್ಲದಿದ್ದರೆ ವಾಪಸ್ ಇಡುತ್ತೇನೆ. ಇವತ್ತಿನ ಹೆಸರಿಗೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ಜಾಲತಾಣ 'ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್' ಇದೆ, ಬಿಟ್ಟಿ. ಕುಂಡದ ಚೀಟಿಯಲ್ಲಿ ಮಾತ್ರ ಹಳೆಯ ಹೆಸರನ್ನೂ ಬರೆದಿಡಿ.

ಬಿಟ್ಟಿ ಎಂದಾಗ ನೆನಪಾಯಿತು. ಬ್ರಿಟನ್ ಮತ್ತು ರೋಸ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳ 'ದಿ ಕ್ಯಾಕ್ಟೇಸಿ', 1919ರಿಂದ 1923ರವರೆಗೆ ಬಂದ ನಾಲ್ಕು ಸಂಪುಟ, 'ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ'ಯಲ್ಲಿ ಪೂರ್ತಿ ಇಳಿಸಿಕೊಳ್ಳಬಹುದು. ಹೆಸರುಗಳು ಎಷ್ಟೋ ಬದಲಾಗಿವೆ, ನಿಜ. ಆದರೆ ಮೇರಿ ಈಟನ್ ಬರೆದ ಬಣ್ಣದ ಚಿತ್ರಗಳನ್ನು ನೋಡಿ! ಮುಳ್ಳು ಎಲ್ಲಿಂದ ಹೊರಡುತ್ತದೆ, ಯಾವ ಕಡೆ ಬಾಗುತ್ತದೆ ಎಂಬುದು ನಮ್ಮ ಮೊಬೈಲ್ ಫೋಟೋಗಿಂತ ಸ್ಪಷ್ಟ. ರಾತ್ರಿ ಒಂದು ಪುಟ ನೋಡೋಣ ಎಂದು ಕೂತರೆ ಹನ್ನೊಂದು ಗಂಟೆ ಆಗಿರುತ್ತದೆ.

ನಿಮ್ಮ ಸುತ್ತಲಿನ ಗುಡ್ಡದ ಗಿಡಗಳಿಗೆ ಇವು ಯಾವುವೂ ಸಾಲವು. ಧಾರವಾಡ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದಲ್ಲಿತ್ತು, ಆದ್ದರಿಂದ ಥಿಯೋಡೋರ್ ಕುಕ್ ಅವರ 'ಫ್ಲೋರಾ ಆಫ್ ದಿ ಪ್ರೆಸಿಡೆನ್ಸಿ ಆಫ್ ಬಾಂಬೆ' (1901–1908) ನಿಮಗೇ ಹೇಳಿ ಬರೆಸಿದಂತಿದೆ. ಅದೂ ಬಿಟ್ಟಿ ಸಿಗುತ್ತದೆ. ಚಿತ್ರವಿಲ್ಲ. 'ಎಲೆ ಎದುರುಬದುರು' ಅಥವಾ 'ಎಲೆ ಒಂದು ಬಿಟ್ಟು ಒಂದು' ಎಂಬಂಥ ಜೋಡಿ ಸಾಲುಗಳಲ್ಲಿ ಒಂದನ್ನು ಆರಿಸುತ್ತಾ ಮುಂದೆ ಹೋಗಬೇಕು. ಶುರುವಿನಲ್ಲಿ ತಲೆ ಚಿಟ್ಟು ಹಿಡಿಯುತ್ತದೆ. ಹೆಸರು ಗೊತ್ತಿರುವ ಗಿಡದಿಂದಲೇ ಶುರು ಮಾಡಿ, ಉತ್ತರ ಸರಿ ಬಂತೋ ಇಲ್ಲವೋ ತಿಳಿಯುತ್ತದಲ್ವಾ?

ಇನ್ನು ನೀರು, ಗೊಬ್ಬರದ ವಿಷಯದಲ್ಲಿ ವಿದೇಶಿ ಪುಸ್ತಕಗಳ ಕ್ಯಾಲೆಂಡರನ್ನು ಸುಮ್ನೆ ಬಿಟ್ಟುಬಿಡಿ. ಅದು ಇಂಗ್ಲೆಂಡಿನ ಗಾಜಿನ ಮನೆಯ ಲೆಕ್ಕ. ಜುಲೈನಲ್ಲಿ ಧಾರಾಳವಾಗಿ ನೀರು ಹಾಕಿ ಎಂದು ಅವರು ಬರೆದಿರುತ್ತಾರೆ, ನಿಮ್ಮ ಜಿಟಿಜಿಟಿ ಮಳೆಯಲ್ಲಿ ಹಾಗೆ ಮಾಡಿದರೆ ಬುಡವೇ ಕೊಳೆಯುತ್ತದೆ.

ಮೂರನೇ ಫೋಟೋ ಮಂಜಾಗಿದೆ. ಮುಳ್ಳಿನ ಬುಡವನ್ನು ಹತ್ತಿರದಿಂದ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಮತ್ತೊಮ್ಮೆ ಕಳಿಸಿ. ಹೂವಿದ್ದರೆ ಮೊದಲು ಮೆಲ್ಲಗೆ ಎಳೆದು ನೋಡಿ.