ಬಾಡಿಗೆ ಲೆಕ್ಕಕ್ಕಿಂತ ಖಾತಾ ಮೊದಲು ನೋಡಿ

ಯಲಹಂಕದಲ್ಲಿ 48 ಲಕ್ಷಕ್ಕೆ ಬಿ ಖಾತಾ (ಪಾಲಿಕೆಯ ಆಸ್ತಿ ದಾಖಲೆಯಲ್ಲಿ ನಿಯಮಬದ್ಧವಾದದ್ದು ಎ, ಅಲ್ಲದ್ದು ಬಿ) ಫ್ಲ್ಯಾಟ್, ತಿಂಗಳಿಗೆ 16 ಸಾವಿರ ಬಾಡಿಗೆ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ವರ್ಷಕ್ಕೆ 1.92 ಲಕ್ಷ, ಅಂದರೆ ಶೇ. 4. ಆಸ್ತಿ ತೆರಿಗೆ, ರಿಪೇರಿ, ಒಂದೆರಡು ತಿಂಗಳು ಖಾಲಿ ಬಿದ್ದದ್ದು ಕಳೆದರೆ ಶೇ. 3 ಉಳಿದರೆ ಪುಣ್ಯ. ಸಾಲ ಮಾಡಿದರೆ ಬಡ್ಡಿಗೂ ಸಾಲದು.

ನನಗೆ ಜಾಸ್ತಿ ಭಯ ಆ ಬಿ ಖಾತಾದ್ದೇ. ನಾಳೆ ಮಾರಲು ಹೊರಟರೆ, ಕೊಳ್ಳುವವರಿಗೆ ಬ್ಯಾಂಕ್ ಸಾಲ ಸುಲಭವಾಗಿ ಸಿಗುವುದಿಲ್ಲ. ‘ಎ ಖಾತಾ ಆಗುತ್ತೆ ಸಾರ್’ ಅಂತ ಬಿಲ್ಡರ್ ಹೇಳಿದ್ದನ್ನು ನಂಬಿ ನಾನು ಆರು ವರ್ಷದಿಂದ ಸುಮ್ನೆ ಕಾಯುತ್ತಿದ್ದೇನೆ. 30 ವರ್ಷದ ಇ.ಸಿ. (ಆಸ್ತಿಯ ಮೇಲಿನ ಮಾರಾಟ, ಅಡಮಾನಗಳ ಋಣಭಾರ ಪ್ರಮಾಣಪತ್ರ) ತೆಗೆಸಿ. ಅದರಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುವುದು, ಹಾಗಾಗಿ ಮೂಲಪತ್ರಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ, ಬಿಲ್ಡರ್ ಕಡೆಯವರಿಗಲ್ಲ.

ಆಮೇಲೆ ವಾಚ್‌ಮನ್ ಹತ್ತಿರ ಮೆಲ್ಲಗೆ ಕೇಳಿ: ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ನೀರಿನ ಟ್ಯಾಂಕರ್ ಬರುತ್ತೆ?