ಸ್ಟಾಕ್‌ವೆಲ್‌ನ ಮನೆಗೆ ಬಂದ ಮತದಾರರ ಅರ್ಜಿ: ಹೊಸದಾಗಿ ಬಂದವರೊಬ್ಬರಿಗೆ ಉತ್ತರ

ನಿಮ್ಮ ಭಾಗದ ಸ್ಥಳೀಯ ಆಡಳಿತವಾದ ಲ್ಯಾಂಬೆತ್ ಕೌನ್ಸಿಲ್‌ನಿಂದ ಮನೆಗೆ ಬಂದಿರುವ ಮತದಾರರ ಪಟ್ಟಿಯ ಅರ್ಜಿಯನ್ನು ಏನು ಮಾಡಬೇಕೆಂದು ನೀವು ಕೇಳಿದ್ದೀರಿ. ಲಂಡನ್ನಿಗೆ ಬಂದು ಸ್ಟಾಕ್‌ವೆಲ್‌ನಲ್ಲಿ ಮನೆ ಹಿಡಿದು ಇನ್ನೂ ಸರಿಯಾಗಿ ಸಾಮಾನು ಬಿಚ್ಚಿಲ್ಲ, ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟು ಮತ್ತು ಕೆಲಸದ ವೀಸಾ, ಹೀಗಿರುವಾಗ ಅದನ್ನು ತುಂಬಿ ಕಳಿಸಿದರೆ ಮುಂದೆ ಏನಾದರೂ ತೊಡಕಾದೀತೇ ಎಂಬುದು ನಿಮ್ಮ ಅಂಜಿಕೆ. ಅದರ ಜೊತೆಗೆ ಕೌನ್ಸಿಲ್ ಟ್ಯಾಕ್ಸ್, ಕಸದ ಡಬ್ಬಿ, ನಿಮ್ಮ ಎಸ್ಟೇಟಿನ (ಎಂದರೆ ನೀವಿರುವ ವಸತಿ ಸಮುಚ್ಚಯದ) ನಿವಾಸಿಗಳ ಸಂಘದ ಸಭೆ, ಇಲ್ಲಿಯ ಕೌನ್ಸಿಲರನ್ನು ಹಿಡಿದರೆ ಕೆಲಸ ಆಗುತ್ತದೆಯೇ ಎಂಬ ಪ್ರಶ್ನೆಗಳೂ ಇವೆ. ನನ್ನನ್ನು ಅಕ್ಕ ಎಂದು ಕರೆದಿರುವುದರಿಂದ ಸ್ವಲ್ಪ ಸಲುಗೆ ವಹಿಸಿಯೇ ಉತ್ತರಿಸುತ್ತೇನೆ.

ಅರ್ಜಿಯನ್ನು ತುಂಬಿ ಕಳಿಸಿ. ಬ್ರಿಟನ್‌ನಲ್ಲಿ ಕಾನೂನುಬದ್ಧವಾಗಿ ವಾಸವಾಗಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ, ಎಂದರೆ ನಮಗೂ, ಕೌನ್ಸಿಲ್ ಚುನಾವಣೆಯಲ್ಲಿ ಮಾತ್ರವಲ್ಲದೆ ಪಾರ್ಲಿಮೆಂಟಿನ ಚುನಾವಣೆಯಲ್ಲಿಯೂ ಮತದಾನದ ಹಕ್ಕಿದೆ. ಇದರಿಂದ ವೀಸಾಕ್ಕಾಗಲಿ ಭಾರತದ ಪೌರತ್ವಕ್ಕಾಗಲಿ ಧಕ್ಕೆಯಿಲ್ಲ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಕೋಟಿಗೆ ಕೆಂಪು ರಿಬ್ಬನ್ನಿನ ಹೂವು ಸಿಕ್ಕಿಸಿಕೊಂಡ ಹೆಂಗಸೊಬ್ಬರು ಮಳೆಯಲ್ಲಿ ಬಾಗಿಲು ತಟ್ಟಿ ಮತ ಕೇಳಿದಾಗ, ನಾನು ಈ ದೇಶದವಳಲ್ಲ, ನನ್ನನ್ನು ಕೇಳಿ ಪ್ರಯೋಜನವಿಲ್ಲ ಎಂದು ಬಾಗಿಲು ಹಾಕಹೊರಟಿದ್ದೆ. ನೀವು ಇಂಡಿಯಾದವರಾದರೆ ನಿಮಗೆ ಮತವಿದೆ ಎಂದು ಆಕೆ ಹೇಳಿದಾಗ ನಂಬಿಕೆ ಬರದೆ, ಮರುದಿನ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಕೇರಳದ ದಾದಿಯರನ್ನು ವಿಚಾರಿಸಿಕೊಂಡೆ. ಅವರಿಗೆಲ್ಲ ಅದು ಹಳೆಯ ಸಂಗತಿಯಾಗಿತ್ತು.

ನೀವು ರಾಜಾಜಿನಗರದವರು, ವಯಸ್ಸು 27 ಎಂದಿದ್ದೀರಿ. ಬಿಬಿಎಂಪಿಗೆ ಕೊನೆಯದಾಗಿ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಆಡಳಿತಾಧಿಕಾರಿಗಳ ಕಾಲ ಬಂತು. ಹಾಗಾಗಿ ನೀವು ಹುಟ್ಟಿ ಬೆಳೆದ ಊರಿನ ಕಾರ್ಪೊರೇಟರ್‌ಗೆ ಒಮ್ಮೆಯೂ ಮತ ಹಾಕದೆ, ಬಂದು ನಾಲ್ಕು ದಿನವಾಗದ ಈ ಊರಿನಲ್ಲಿ ಮೊದಲ ಬಾರಿಗೆ ಹಾಕುವಂತಾಗುತ್ತದೆ. ಇದನ್ನು ಹೆಮ್ಮೆಯ ವಿಷಯವೆಂದು ಹೇಳಲು ನನಗೆ ಮನಸ್ಸು ಬಾರದು.

ಉಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಕೌನ್ಸಿಲ್ ಟ್ಯಾಕ್ಸನ್ನು ಸಾಮಾನ್ಯವಾಗಿ ಮನೆಯಲ್ಲಿ ವಾಸವಿರುವವರೇ ಕಟ್ಟಬೇಕು, ಓನರ್ ಅಲ್ಲ. 1991ರ ಏಪ್ರಿಲ್‌ನಲ್ಲಿ ಆ ಮನೆ ಎಷ್ಟು ಬೆಲೆ ಬಾಳುತ್ತಿತ್ತೆಂಬ ಅಂದಾಜಿನ ಮೇಲೆ ಎ ಇಂದ ಎಚ್‌ವರೆಗಿನ ಶ್ರೇಣಿ ಗೊತ್ತು ಮಾಡಿದ್ದಾರೆ. ಮುಂದೆಂದಾದರೂ ಮನೆಯಲ್ಲಿ ನೀವು ಒಬ್ಬರೇ ಉಳಿದರೆ ಶೇ 25 ರಿಯಾಯಿತಿ ಕೇಳಿ ಪಡೆಯಿರಿ. ಅದು ನಿಮ್ಮ ವೀಸಾದ ಷರತ್ತಿಗೆ ವಿರುದ್ಧವಲ್ಲ. ಆದರೆ ಆದಾಯ ಕಡಿಮೆ ಇರುವವರಿಗೆ ಕೊಡುವ ತೆರಿಗೆ ಕಡಿತವೆಂಬುದು ಬೇರೆಯೇ ಇದೆ, ಅದು ಸರ್ಕಾರಿ ನೆರವಿನ ಲೆಕ್ಕಕ್ಕೆ ಬರುವುದರಿಂದ ಅದರ ಅರ್ಜಿಯನ್ನು ಯಾರು ಹೇಳಿದರೂ ಮುಟ್ಟಬೇಡಿ. ಕಸದ ವಿಷಯವನ್ನು ಪಕ್ಕದ ಮನೆಯವರನ್ನು ಕೇಳಿ, ಅವರು ಸಂತೋಷದಿಂದ ಅಗತ್ಯಕ್ಕಿಂತ ಹೆಚ್ಚೇ ಹೇಳುತ್ತಾರೆ.

ಕೌನ್ಸಿಲರನ್ನು ಹಿಡಿಯುವ ಪ್ರಶ್ನೆಗೆ ಮಾತ್ರ ವಿವರವಾಗಿ ಉತ್ತರಿಸಬೇಕು, ಏಕೆಂದರೆ ನಮ್ಮವರು ಎಡವುವುದು ಅಲ್ಲಿಯೇ. ಲ್ಯಾಂಬೆತ್‌ನಲ್ಲಿ 25 ವಾರ್ಡುಗಳು, 63 ಕೌನ್ಸಿಲರುಗಳು; ಒಂದು ವಾರ್ಡಿಗೆ ಇಬ್ಬರು ಇಲ್ಲವೇ ಮೂವರು. ನಾಲ್ಕು ವರ್ಷಕ್ಕೊಮ್ಮೆ ಮೇ ತಿಂಗಳ ಮೊದಲ ಗುರುವಾರ ಎಲ್ಲ ಸ್ಥಾನಗಳಿಗೂ ಒಟ್ಟಿಗೇ ಚುನಾವಣೆ. 2022ರಲ್ಲಿ 58 ಸ್ಥಾನ ಲೇಬರ್ ಪಕ್ಷದ ಪಾಲಾಯಿತು, ಲಿಬರಲ್ ಡೆಮಾಕ್ರಾಟರಿಗೆ ಮೂರು, ಗ್ರೀನ್ ಪಕ್ಷಕ್ಕೆ ಎರಡು. ಇಷ್ಟು ದೊಡ್ಡ ಬಹುಮತ ಇರುವ ಕಡೆ ನಿಜವಾದ ಜಗ್ಗಾಟ ಪಕ್ಷದ ಒಳಗೆ, ಯಾರಿಗೆ ಟಿಕೆಟ್ ಎಂಬ ಹಂತದಲ್ಲಿಯೇ ನಡೆದುಹೋಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗೆದ್ದವರಲ್ಲಿಯೂ ಮುಖ್ಯ ತೀರ್ಮಾನಗಳು ನಾಯಕ ಮತ್ತು ಕ್ಯಾಬಿನೆಟ್ಟಿನ ಬೆರಳೆಣಿಕೆಯ ಸದಸ್ಯರ ಕೈಯಲ್ಲಿರುತ್ತವೆ. ನಿಮ್ಮ ವಾರ್ಡಿನ ಕೌನ್ಸಿಲರ್ ಕ್ಯಾಬಿನೆಟ್ಟಿನಲ್ಲಿಲ್ಲದಿದ್ದರೆ ಅವರು ಪತ್ರ ಬರೆಯಬಹುದು, ಪ್ರಶ್ನೆ ಕೇಳಬಹುದು, ಅಧಿಕಾರಿಗಳ ಬೆನ್ನು ಹತ್ತಬಹುದು, ಅಷ್ಟೇ. ನಲ್ಲಿ ಸೋರುವುದು, ಲಿಫ್ಟ್ ಕೆಟ್ಟಿರುವುದು, ದಾರಿದೀಪ ಹೋಗಿರುವುದು ಇಂಥವಕ್ಕೆ ಅದು ಸಾಕು. ಲೈಬ್ರರಿಯಲ್ಲೋ ಸಮುದಾಯ ಭವನದಲ್ಲೋ ನಿಗದಿತ ಹೊತ್ತಿಗೆ ಕುಳಿತು ಅಹವಾಲು ಕೇಳುತ್ತಾರೆ, ಮುಜುಗರವಿಲ್ಲದೆ ಹೋಗಿ.

ಮೇಯರ್ ಎಂಬ ಪದವಿಯ ಬಗ್ಗೆಯೂ ಭ್ರಮೆ ಬೇಡ. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ 2010-11ರಲ್ಲಿ ಇದೇ ಲ್ಯಾಂಬೆತ್‌ನ ಮೇಯರ್ ಆಗಿದ್ದರೆಂಬುದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಬ್ರಿಕ್ಸ್‌ಟನ್ನಿನ ಟೌನ್‌ಹಾಲಿನ ಆ ಕುರ್ಚಿಯಲ್ಲಿ ನಮ್ಮ ಕಡೆಯವರೊಬ್ಬರು ಚಿನ್ನದ ಸರ ಹಾಕಿಕೊಂಡು ಕುಳಿತಾಗ ನಮಗಾದ ಸಂತೋಷ ಸಣ್ಣದಲ್ಲ. ಆದರೆ ಲ್ಯಾಂಬೆತ್‌ನ ಮೇಯರ್ ಬಿಬಿಎಂಪಿಯಲ್ಲಿ ಹಿಂದೆ ಇದ್ದ ಮೇಯರುಗಳಂತೆ ಒಂದು ವರ್ಷದ ಗೌರವ ಪದವಿಯವರು, ಸಭೆಯ ಅಧ್ಯಕ್ಷತೆ ವಹಿಸುವವರು, ಅಧಿಕಾರ ನಾಯಕರದ್ದು. ಲಂಡನ್ನಿನ ಬರೋಗಳಲ್ಲಿ, ಎಂದರೆ ಒಂದೊಂದು ಕೌನ್ಸಿಲ್‌ನ ಆಡಳಿತಕ್ಕೆ ಸೇರಿದ ವಿಭಾಗಗಳಲ್ಲಿ, ನ್ಯೂಹ್ಯಾಮ್, ಹ್ಯಾಕ್ನಿ, ಲೂಯಿಶಮ್, ಟವರ್ ಹ್ಯಾಮ್ಲೆಟ್ಸ್, ಕ್ರಾಯ್ಡನ್ ಇವುಗಳಲ್ಲಿ ಮಾತ್ರ ಜನರಿಂದ ನೇರವಾಗಿ ಆಯ್ಕೆಯಾದ ಮೇಯರಿಗೆ ಅಧಿಕಾರವಿದೆ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ಬಸವಣ್ಣನವರ ಪ್ರತಿಮೆಯ ಹಿಂದೆ ದುಡಿದವರೂ ಪಾಟೀಲರೇ. ಅದನ್ನು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದು 2015ರ ನವೆಂಬರ್ 14ರಂದು. ಸ್ಟಾಕ್‌ವೆಲ್‌ನಿಂದ ನಡೆದೇ ಹೋಗಬಹುದು, ಖಂಡಿತ ಹೋಗಿಬನ್ನಿ. ಜಯಂತಿಗೆ ದೂರದೂರದ ಊರುಗಳಿಂದ ಬಂದು ಹಾರ ಹಾಕಿ ಫೋಟೊ ತೆಗೆಸಿಕೊಂಡು ಹೋಗುವ ನಮ್ಮವರು, ಆ ಜಾಗ ಯಾವ ಬರೋಗೆ ಸೇರಿದ್ದು, ಅಲ್ಲಿಯ ಹುಲ್ಲು ಕತ್ತರಿಸುವವರಿಗೆ ಸಂಬಳ ಯಾರು ಕೊಡುತ್ತಾರೆ ಎಂದು ಒಮ್ಮೆಯಾದರೂ ಕೇಳಿದ್ದನ್ನು ನಾನು ಕಂಡಿಲ್ಲ.

ಈಗ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿರುವ ಒಂದು ವಿಷಯ. ಲ್ಯಾಂಬೆತ್‌ಗೆ ಬರುವ ಮುನ್ನ ನಾವು ಇನ್ನೊಂದು ಬರೋದಲ್ಲಿದ್ದೆವು, ಅದರ ಹೆಸರು ಬೇಡ. ಅಲ್ಲಿಯ ಎಸ್ಟೇಟಿನ ಸಮುದಾಯ ಭವನದಲ್ಲಿ ಭಾನುವಾರ ಮಧ್ಯಾಹ್ನ ನಮ್ಮ ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತಿದ್ದೆವು. ಭವನವನ್ನು ಮುಚ್ಚಿ ಆ ಜಾಗವನ್ನು ಬೇರೆಯದಕ್ಕೆ ಬಳಸುವ ಪ್ರಸ್ತಾಪ ಬಂದು, ಕೌನ್ಸಿಲ್ ಜನರ ಅಭಿಪ್ರಾಯ ಕೇಳಿತು. ನಾವು ನಮ್ಮೂರಿನಲ್ಲಿ ಮಾಡುವಂತೆಯೇ ಮಾಡಿದೆವು: ಓದುಬರಹ ಬಲ್ಲವರು ಸೇರಿ ಒಂದು ಅಚ್ಚುಕಟ್ಟಾದ ಮನವಿ ಬರೆದೆವು, ಎಲ್ಲ ಮನೆಯವರೂ ಸಹಿ ಹಾಕಿದರು, ಯುಗಾದಿಗೆ ವಾರ್ಡಿನ ಕೌನ್ಸಿಲರನ್ನು ಕರೆದು ಶಾಲು ಹೊದಿಸಿ, ಹೋಳಿಗೆ ಬಡಿಸಿ, ಮನವಿಯನ್ನು ಅವರ ಕೈಗೆ ಕೊಟ್ಟೆವು. ಆಕೆ ಒಳ್ಳೆಯ ಹೆಂಗಸು. ಹೋಳಿಗೆಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು, ಮಕ್ಕಳ ಜೊತೆ ನಿಂತು ಫೋಟೊ ತೆಗೆಸಿಕೊಂಡರು, ತನ್ನಿಂದಾದುದನ್ನು ಮಾಡುತ್ತೇನೆಂದರು. ಆ ದಿನ ಮನೆಗೆ ಹೋಗುವಾಗ ಕೆಲಸ ಆಯಿತೆಂದೇ ನಮ್ಮೆಲ್ಲರ ಭಾವನೆ.

ಕೆಲವು ತಿಂಗಳ ಮೇಲೆ ಅಧಿಕಾರಿಗಳ ವರದಿ ಪ್ರಕಟವಾಯಿತು. ಅದರ ಅನುಬಂಧದಲ್ಲಿ ಸಣ್ಣ ಅಕ್ಷರದ ಒಂದು ಕೋಷ್ಟಕವಿತ್ತು: ಎಡಗಡೆ ಬಂದ ಅಭಿಪ್ರಾಯದ ಬಗೆ, ಬಲಗಡೆ ಎಣಿಕೆ. ಅದರ ಕೊನೆಯ ಸಾಲಿನಲ್ಲಿ ‘ಮನವಿ’ ಎಂದಿತ್ತು, ಅದರೆದುರು ‘1’ ಎಂದಿತ್ತು. ನಮ್ಮ ಅರವತ್ತು ಚಿಲ್ಲರೆ ಸಹಿಗಳು ಆ ಒಂದರೊಳಗೆ ಅಡಗಿದ್ದವು. ಭವನ ಮುಚ್ಚಲೆಂದು ಬಯಸಿದವರು ಒಬ್ಬೊಬ್ಬರಾಗಿ ಫಾರಂ ತುಂಬಿದ್ದರಿಂದ ಅವರ ಎಣಿಕೆ ಅಷ್ಟೂ ಬಿಡಿಬಿಡಿಯಾಗಿ ಮೇಲಿನ ಸಾಲುಗಳಲ್ಲಿ ಬಂದಿತ್ತು. ಕೌನ್ಸಿಲರ್ ಮಾತು ತಪ್ಪಿರಲಿಲ್ಲ, ನಮ್ಮ ಕಾಗದವನ್ನು ಸಂಬಂಧಪಟ್ಟ ಕ್ಯಾಬಿನೆಟ್ ಸದಸ್ಯರಿಗೆ ಕಳಿಸಿದ್ದರು. ಆದರೆ ಕ್ಯಾಬಿನೆಟ್ಟಿನಲ್ಲಿಲ್ಲದ ಆಕೆಗೆ ತೀರ್ಮಾನದ ದಿನ ಮತವೇ ಇರಲಿಲ್ಲ. ಭವನದ ಬೀಗದ ಕೈ ಇಟ್ಟುಕೊಂಡಿದ್ದ ಜಮೈಕಾದ ಅಜ್ಜಿಯೊಬ್ಬರು, ಮನೆಗೊಂದು ಪತ್ರ ಹಾಕಿ, ಮಗುವಿನ ವಯಸ್ಸು, ಭಾನುವಾರ ಎಷ್ಟು ಗಂಟೆಗೆ ಬರುತ್ತದೆ ಎಂಬುದನ್ನೆಲ್ಲ ಬರೆಯಿರಿ ಎಂದು ನಮಗೆ ಮೊದಲೇ ಹೇಳಿದ್ದರು. ಎಲ್ಲರೂ ಒಂದೇ ದನಿಯಲ್ಲಿ ಕೇಳಿದರೆ ತೂಕ ಹೆಚ್ಚು ಎಂಬ ನಮ್ಮ ಲೆಕ್ಕದ ಮುಂದೆ ಆ ಮಾತು ನಿಲ್ಲಲಿಲ್ಲ. ತರಗತಿ ಅವರಿವರ ಮನೆಗಳಲ್ಲಿ ಒಂದಷ್ಟು ಕಾಲ ಸುತ್ತಾಡಿ ನಿಂತುಹೋಯಿತು. ನನ್ನ ದೊಡ್ಡ ಮಗಳು ಕನ್ನಡ ಓದುತ್ತಾಳೆ. ಚಿಕ್ಕವಳು ಅಜ್ಜಿಯ ಜೊತೆ ಫೋನಿನಲ್ಲಿ ಚೆನ್ನಾಗಿ ಮಾತಾಡುತ್ತಾಳೆ, ಅಜ್ಜಿ ಬರೆದ ಕಾಗದವನ್ನು ಮಾತ್ರ ನಾನೇ ಓದಿ ಹೇಳಬೇಕು.

ಇಲ್ಲಿ ಪ್ರಭಾವ ಎಂಬುದಿಲ್ಲವೆಂದು ನಾನು ಹೇಳಲಾರೆ, ಇದೆ. ಆದರೆ ಅದು ಗಡುವಿನೊಳಗೆ ಬರೆದು ದಾಖಲಾದ ಕಾಗದದ ಬೆನ್ನೇರಿ ಬರುತ್ತದೆ. ಲ್ಯಾಂಬೆತ್‌ನದೇ ಎರಡು ಪ್ರಕರಣಗಳನ್ನು ನೋಡಿ. ಬ್ರಾಕ್‌ವೆಲ್ ಪಾರ್ಕಿನ ಪಕ್ಕದ ಕ್ರೆಸಿಂಗ್‌ಹ್ಯಾಮ್ ಗಾರ್ಡನ್ಸ್ ಎಸ್ಟೇಟಿನ ಮುನ್ನೂರಕ್ಕೂ ಹೆಚ್ಚು ಮನೆಗಳ ಭವಿಷ್ಯದ ಬಗ್ಗೆ ನಿವಾಸಿಗಳ ಅಭಿಪ್ರಾಯ ಕೇಳುತ್ತಿದ್ದ ಕೌನ್ಸಿಲ್, ಕೆಡವದೆ ದುರಸ್ತಿ ಮಾಡುವ ಆಯ್ಕೆಗಳನ್ನು ಮಧ್ಯದಲ್ಲಿಯೇ ಕೈಬಿಟ್ಟದ್ದು ಕಾನೂನಿಗೆ ವಿರುದ್ಧವೆಂದು 2015ರ ನವೆಂಬರ್‌ನಲ್ಲಿ ಹೈಕೋರ್ಟು ಹೇಳಿತು. ವೆಸ್ಟ್ ಡಲ್ವಿಚ್‌ನಲ್ಲಿ ವಾಹನ ಸಂಚಾರ ತಗ್ಗಿಸುವ ಯೋಜನೆಯ ವಿರುದ್ಧ ನಿವಾಸಿಗಳು ಸಿದ್ಧಪಡಿಸಿ ಕೊಟ್ಟ ವಿವರವಾದ ದಾಖಲೆಯನ್ನು ಗಣನೆಗೆ ತೆಗೆದುಕೊಳ್ಳಲಿಲ್ಲವೆಂಬ ಕಾರಣಕ್ಕೆ 2025ರ ಮೇ ತಿಂಗಳಲ್ಲಿ ಕೌನ್ಸಿಲ್ ಮತ್ತೆ ಸೋತಿತು. ಎರಡರಲ್ಲಿಯೂ ಗೆದ್ದದ್ದು ಕಡತದಲ್ಲಿದ್ದ ಕಾಗದ. ಹಾಗೆಂದು ಹಿಗ್ಗಬೇಕಾಗಿಯೂ ಇಲ್ಲ: ಕ್ರೆಸಿಂಗ್‌ಹ್ಯಾಮ್ ವಿಷಯದಲ್ಲಿ ಕೌನ್ಸಿಲ್ ಮತ್ತೊಮ್ಮೆ ಅಭಿಪ್ರಾಯ ಕೇಳಿ, 2016ರ ಮಾರ್ಚ್‌ನಲ್ಲಿ ಕೆಡವುವ ತೀರ್ಮಾನವನ್ನೇ ಮತ್ತೆ ತೆಗೆದುಕೊಂಡಿತು. ನಿಮ್ಮ ಮಾತನ್ನು ಕೇಳಬೇಕೆಂದು ಕಾನೂನು ಹೇಳುತ್ತದೆ, ಒಪ್ಪಬೇಕೆಂದು ಹೇಳುವುದಿಲ್ಲ.

ನಿವಾಸಿಗಳ ಸಂಘದ ಸಭೆಗೆ ತಪ್ಪದೆ ಹೋಗಿ. ನೀವಿರುವುದು ಕೌನ್ಸಿಲ್ ಕಟ್ಟಿದ ಎಸ್ಟೇಟು. 1980ರ ಕಾನೂನಿನಂತೆ ಹಿಂದಿನ ಬಾಡಿಗೆದಾರರು ಕೊಂಡುಕೊಂಡ ಫ್ಲ್ಯಾಟುಗಳಲ್ಲಿ ಒಂದು ಕೈಬದಲಾಗುತ್ತಾ ನಿಮ್ಮ ಓನರಿಗೆ ಬಂದಿರಬೇಕು. ಅದೇ ಮೆಟ್ಟಿಲ ಮೇಲೆ ಐವತ್ತು ವರ್ಷದಿಂದ ಕೌನ್ಸಿಲ್ ಬಾಡಿಗೆದಾರರಾಗಿ ಇರುವವರೂ ಇದ್ದಾರೆ. ನಿಮ್ಮಂಥವರು ಎರಡು ವರ್ಷವಿದ್ದು ಹೋಗಿಬಿಡುತ್ತಾರೆಂಬ ಸಂದೇಹ ಅವರಿಗಿರುವುದು ಸಹಜ, ಮೊದಲ ಸಭೆಯಲ್ಲಿ ಯಾರೂ ಮಾತಾಡಿಸದಿದ್ದರೆ ಬೇಸರಿಸಬೇಡಿ. ಮುಂದೊಮ್ಮೆ ಎಸ್ಟೇಟನ್ನು ಕೆಡವುವ ಪ್ರಸ್ತಾಪ ಬಂದು ಲಂಡನ್ ಮೇಯರಿನ 2018ರ ನಿಯಮದಂತೆ ನಿವಾಸಿಗಳ ಮತದಾನ ನಡೆದರೂ, ಖಾಸಗಿ ಬಾಡಿಗೆದಾರರಾದ ನಿಮಗೆ ಅದರಲ್ಲಿ ಮತ ಸಿಗುವುದಿಲ್ಲ. ಹಾಗಿರುವಾಗ ನೀವು ಮಾತಾಡಬಹುದಾದ ಜಾಗ ಆ ಸಭೆಯೊಂದೇ.

ಕೆರಿಬಿಯನ್ ಮೂಲದವರೂ ಇರುವ ಆ ಹಿರಿಯರ ಹತ್ತಿರ ಕಲಿಯುವುದು ಬಹಳಷ್ಟಿದೆ. 1948ರಲ್ಲಿ ವಿಂಡ್‌ರಷ್ ಹಡಗಿನಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದವರಲ್ಲಿ ವಸತಿ ಇಲ್ಲದವರನ್ನು ಕ್ಲ್ಯಾಪಮ್ ಸೌತ್‌ನ ನೆಲದಡಿಯ ಆಶ್ರಯತಾಣದಲ್ಲಿ ಇರಿಸಿದರು. ಹತ್ತಿರದ ಉದ್ಯೋಗ ಕಚೇರಿ ಬ್ರಿಕ್ಸ್‌ಟನ್ನಿನ ಕೋಲ್ಡ್‌ಹಾರ್ಬರ್ ಲೇನಿನಲ್ಲಿದ್ದುದರಿಂದ ಹಲವರು ಅಲ್ಲಿಯೇ ನೆಲೆ ನಿಂತರು. ಮನೆ ಬಾಡಿಗೆಗೆ ಕೊಡಲು ಬಿಳಿಯರು, ಸಾಲ ಕೊಡಲು ಬ್ಯಾಂಕುಗಳು ಹಿಂದೆಗೆದಾಗ, ನಮ್ಮ ಚೀಟಿಯಂತೆಯೇ ಕೈಯಿಂದ ಕೈಗೆ ನಡೆಯುವ ‘ಪಾರ್ಡ್ನರ್’ ಹಾಕಿ ಅದರ ಹಣದಿಂದ ಮನೆ ಕೊಂಡರು. ಬ್ರಿಟಿಷ್ ಪ್ರಜೆಗಳೆಂದು ಬಂದ ಅವರಿಗೆ ಮೊದಲಿನಿಂದ ಮತವಿತ್ತು, ಆದರೆ ಆ ಮತಕ್ಕೆ ಟೌನ್‌ಹಾಲಿನಲ್ಲಿ ಬೆಲೆ ಬರಲು ದಶಕಗಳು ಹಿಡಿದವು. ಸಭೆಯಲ್ಲಿ ನಡಾವಳಿಯ ಪುಸ್ತಕವನ್ನು ಹಿಡಿದು, ಹೋದ ಸಲ ಅಧಿಕಾರಿ ಕೊಟ್ಟ ಮಾತನ್ನು ತಾರೀಖಿನ ಸಮೇತ ಓದಿ ಹೇಳುವವರು ಆ ಪರಂಪರೆಯ ಹಿರಿಯರೇ.

ದೀಪಾವಳಿಗೋ ರಾಜ್ಯೋತ್ಸವಕ್ಕೋ ಬಂದು ದೀಪ ಹಚ್ಚುವ ರಾಜಕಾರಣಿಗಳ ಬಗ್ಗೆ ಒಂದು ಮಾತು. ಊರ ನೆನಪಾಗಿ ಅಂಥ ಕಾರ್ಯಕ್ರಮಗಳಿಗೆ ಹೋಗಿಯೇ ಹೋಗುತ್ತೀರಿ, ನಾನೂ ಹೋಗುತ್ತೇನೆ, ಚಿತ್ರಾನ್ನದ ಸಾಲಿನಲ್ಲಿ ನಿಲ್ಲುವ ಸುಖ ಬೇರೆಲ್ಲಿಯೂ ಸಿಗದು. ಅಲ್ಲಿ ಯಾವ ಪಕ್ಷದವರಾದರೂ ಸದಸ್ಯತ್ವದ ಅರ್ಜಿ ಚಾಚಿದರೆ ಮನೆಗೆ ತಂದು ಓದಿಕೊಂಡು ಆಮೇಲೆ ಯೋಚಿಸಿ. ಕೌನ್ಸಿಲರ್ ಸ್ಥಾನಕ್ಕೆ ನಿಲ್ಲಬೇಕೆಂದರೆ ನಿಮಗೆ ಇಲ್ಲಿ ಕಾಯಂ ವಾಸದ ಅನುಮತಿ ಇರಬೇಕು, ಕೆಲಸದ ವೀಸಾ ಸಾಲದು, ಆದ್ದರಿಂದ ಸದ್ಯಕ್ಕೆ ಯಾರು ಉಬ್ಬಿಸಿದರೂ ಆ ಮಾತನ್ನು ಪಕ್ಕಕ್ಕಿಡಿ.

ಅರ್ಜಿಯಲ್ಲಿ ರಾಷ್ಟ್ರೀಯತೆ ಕೇಳಿದ ಕಡೆ ಭಾರತೀಯ ಎಂದೇ ಬರೆಯಿರಿ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ತುಂಬಿ. ಯಾರು ಬೇಕಾದರೂ ಕೊಂಡುಕೊಳ್ಳಬಹುದಾದ ಬಹಿರಂಗ ಪಟ್ಟಿಯಲ್ಲಿ ಹೆಸರು ಬೇಡವೆಂಬ ಚೌಕದಲ್ಲಿ ಗುರುತು ಹಾಕಿದರೆ ಜಾಹೀರಾತಿನ ಕಾಟ ಕಡಿಮೆ. ಮತಗಟ್ಟೆಯಲ್ಲಿ 2023ರಿಂದ ಫೋಟೊ ಇರುವ ಗುರುತಿನ ದಾಖಲೆ ಕಡ್ಡಾಯವಾಗಿದೆ, ನಿಮ್ಮ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ನಿವಾಸಿಗಳ ಸಂಘದ ಮುಂದಿನ ಸಭೆಯ ದಿನಾಂಕವನ್ನು ಬಾಗಿಲ ಬಳಿಯ ಸೂಚನಾ ಫಲಕದಲ್ಲಿ ಹಾಕಿರುತ್ತಾರೆ. ಅಲ್ಲಿ ಯಾವುದಾದರೂ ಪ್ರಸ್ತಾಪದ ಬಗ್ಗೆ ಅಭಿಪ್ರಾಯ ಕೇಳಿದ್ದರೆ, ನಿಮ್ಮ ಜೊತೆಗಿರುವ ಹಾಸನದ ಹುಡುಗನೂ ತನ್ನ ಹೆಸರಿನಲ್ಲಿ ಬೇರೆಯಾಗಿಯೇ ಬರೆಯಲಿ.